ಕಾಡಂಚಿನ ಮನೆಗೆ ಹಕ್ಕುಪತ್ರ: ಅರ್ಜಿಯನ್ನು ಗ್ರಾಮಸಭೆಯಲ್ಲೇ ಗಟ್ಟಿ ಮಾಡುವ ಬಗೆ

ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯರ ಮನೆಯಿರಲಿ, ಕಾರ್ಕಳ ತಾಲೂಕಿನ ಮಾಳ, ಈದು, ನೂರಾಳ್‌ಬೆಟ್ಟಿನ ಮನೆಯಿರಲಿ, ಹೆಬ್ರಿ-ಕೊಲ್ಲೂರು ಕಡೆಯ ಕಾಡಂಚಿನ ಕುಡುಬಿ ಅಥವಾ ಮರಾಟಿ ಕುಟುಂಬವಿರಲಿ, ತೊಡಕು ಬಹುಮಟ್ಟಿಗೆ ಒಂದೇ. ಮನೆ ಅಜ್ಜನ ಕಾಲದ್ದು, ಅಡಕೆ ತೋಟ ಅಪ್ಪ ಮಾಡಿದ್ದು. ಪಹಣಿಯಲ್ಲಿ ಮಾತ್ರ ಜಾಗ ಅರಣ್ಯ. ಕರೆಂಟ್ ಕಂಬ ಹಾಕಲು, ಮಾಡಿಗೆ ಹಂಚು ಬದಲಿಸಲು, ತೋಡಿಗೆ ಕಾಲುಸಂಕ ಕಟ್ಟಲು, ಎಲ್ಲದಕ್ಕೂ ತಡೆ.

ಇದು ಒಂದೇ ದಿನ ಆದದ್ದಲ್ಲ. ಅವಿಭಜಿತ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆಯಡಿ ಗುಡ್ಡೆಗಳನ್ನು ಮೀಸಲು ಎಂದು ಗುರುತಿಸುತ್ತ ಹೋದರು. ಅದಕ್ಕೂ ಮೊದಲೇ ಕುಮರಿ ಬೇಸಾಯಕ್ಕೆ (ಕಾಡು ಕಡಿದು ಸುಟ್ಟು ಮಾಡುವ ಬೇಸಾಯ) ನಿಷೇಧ ಬಂದಿತ್ತು. ಆಮೇಲೆ 1963ರ ಕರ್ನಾಟಕ ಅರಣ್ಯ ಕಾಯ್ದೆ, 1974ರಲ್ಲಿ ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯ, 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆ, 1996ರ ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೆ ಡೀಮ್ಡ್ ಫಾರೆಸ್ಟ್ (ಅರಣ್ಯ ಎಂದು ಅಧಿಸೂಚನೆ ಆಗದಿದ್ದರೂ ಕಾಡಿನ ಲಕ್ಷಣ ನೋಡಿ ಅರಣ್ಯವೆಂದು ಪರಿಗಣಿಸಿದ ಜಾಗ) ಗುರುತಿಸುವಿಕೆ. ಪ್ರತಿ ಸಲ ನಕಾಶೆಯಲ್ಲಿ ಹೊಸ ಗೆರೆ ಬಿತ್ತು. ಗೆರೆಯೊಳಗಿನ ಮನೆಗಳನ್ನು ಬರೆದುಕೊಳ್ಳುವ ಕೆಲಸ ಮಾತ್ರ ಆಗಲಿಲ್ಲ. ಆ ಬಾಕಿ ಕೆಲಸಕ್ಕೆಂದೇ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದು ಜಾರಿಗೆ ಬಂದದ್ದು 31 ಡಿಸೆಂಬರ್ 2007ರಂದು, ನಿಯಮಗಳು ಬಂದದ್ದು 2008ರ ಜನವರಿಯಲ್ಲಿ. 2012ರ ಸೆಪ್ಟೆಂಬರಿನ ತಿದ್ದುಪಡಿ ಆ ನಿಯಮಗಳನ್ನು ಅರ್ಜಿದಾರರ ಪರವಾಗಿ ಸಾಕಷ್ಟು ಬಿಗಿ ಮಾಡಿತು.

ಈ ಕಾಯ್ದೆಯಡಿ ಅರ್ಜಿ ಬೀಳುವುದಕ್ಕೆ ಹೆಚ್ಚಿನ ಸಲ ಕಾನೂನು ಕಾರಣವಲ್ಲ, ಊರಿನಲ್ಲಿ ತಯಾರಾದ ಕಡತ ತೆಳ್ಳಗಿರುವುದು ಕಾರಣ. ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲೋ ಮಣಿಪಾಲದ ರಜತಾದ್ರಿಯಲ್ಲೋ (ಉಡುಪಿಯ ಜಿಲ್ಲಾಧಿಕಾರಿ ಕಚೇರಿ) ಕೂತವರ ಮುಂದೆ ಬರುವುದು ಕಾಗದ ಮಾತ್ರ. ಆ ಕಾಗದ ಹುಟ್ಟುವುದು ಗ್ರಾಮಸಭೆಯಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಊರಿನೊಳಗಿನ ಕೆಲಸದ್ದೇ.

ಜಾಗ ಯಾವುದೆಂದು ಮೊದಲು ತಿಳಿಯಿರಿ

ದಿಶಾಂಕ್ ಆ್ಯಪ್ ತೆರೆದು ಮನೆಯಂಗಳದಲ್ಲಿ ನಿಂತರೆ ಸರ್ವೆ ನಂಬರ್ ಕಾಣುತ್ತದೆ. ಸಿಗ್ನಲ್ ಇಲ್ಲದ ಕಡೆ ಗ್ರಾಮಕರಣಿಕರಲ್ಲಿ ಗ್ರಾಮ ನಕಾಶೆ ಕೇಳಿ. ಆ ನಂಬರಿನ ಪಹಣಿ ತೆಗೆದು 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಏನು ಬರೆದಿದೆ ಎಂದು ನೋಡಿ. ‘ಸರಕಾರ’ ಎಂದಷ್ಟೇ ಇದ್ದರೆ ಅದು ಕಂದಾಯ ಜಾಗವೂ ಇರಬಹುದು, ಡೀಮ್ಡ್ ಫಾರೆಸ್ಟೂ ಇರಬಹುದು. 2022ರಲ್ಲಿ ರಾಜ್ಯ ಸರಕಾರ ಡೀಮ್ಡ್ ಫಾರೆಸ್ಟ್ ಪಟ್ಟಿಯನ್ನು ಸುಮಾರು 9.94 ಲಕ್ಷ ಹೆಕ್ಟೇರ್‌ನಿಂದ 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿದೆ. ಹಾಗಾಗಿ ಹಳೆಯ ಪಟ್ಟಿಯಲ್ಲಿದ್ದ ನಿಮ್ಮ ನಂಬರ್ ಈಗ ಕೈಬಿಟ್ಟಿರಲೂಬಹುದು.

ಈ ಹೆಜ್ಜೆ ತಪ್ಪಿದರೆ ವರ್ಷಗಟ್ಟಲೆ ನಷ್ಟ. ಅಕ್ರಮ-ಸಕ್ರಮದ ನಮೂನೆ 57, ಮನೆ ಅಡಿಸ್ಥಳದ 94ಸಿ ಇವೆರಡೂ ಕಂದಾಯ ಜಾಗಕ್ಕೆ. ಅರಣ್ಯ ಜಾಗಕ್ಕೆ ಇವನ್ನು ಕೊಟ್ಟು ‘ಅರ್ಜಿ ಹಾಕಿದ್ದೇವೆ’ ಎಂದು ಕಾದು ಕೂತ ಕುಟುಂಬಗಳು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯಲ್ಲಿ ಬೇಕಷ್ಟಿವೆ. ತಿರುಗಿಮುರುಗಿಯೂ ಅಷ್ಟೆ: ಕಂದಾಯ ಜಾಗಕ್ಕೆ ಅರಣ್ಯ ಹಕ್ಕಿನ ಅರ್ಜಿ ನಡೆಯದು. ಕುಮ್ಕಿ ಇನ್ನೊಂದೇ ವಿಷಯ. ಅದು ವರ್ಗ ಜಾಗಕ್ಕೆ (ಸ್ವಂತ ಪಟ್ಟಾ ಜಾಗ) ತಾಗಿದ ಸರಕಾರಿ ಜಾಗದಿಂದ ಸೊಪ್ಪು-ಸೌದೆ ತೆಗೆಯುವ ಸವಲತ್ತು, ಅದರ ನೆಲೆ 1964ರ ಭೂಕಂದಾಯ ಕಾಯ್ದೆ. ಅದನ್ನು ಅರಣ್ಯ ಹಕ್ಕಿನ ಅರ್ಜಿಯೊಳಗೆ ಬೆರೆಸಬೇಡಿ.

ಅರಣ್ಯ ಎಂದಾದರೆ ಯಾವ ಬಗೆಯ ಅರಣ್ಯ ಎಂಬುದು ಅರ್ಹತೆಯನ್ನು ಬದಲಿಸುವುದಿಲ್ಲ. ಮೀಸಲು, ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಧಿಸೂಚನೆಯಲ್ಲೇ (ಮೀಸಲು ಮಾಡುವ ಉದ್ದೇಶದ ಘೋಷಣೆ) ನಿಂತುಹೋದದ್ದು, ಡೀಮ್ಡ್, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಲ್ಲವೂ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ‘ನ್ಯಾಷನಲ್ ಪಾರ್ಕಿನೊಳಗೆ ಹಕ್ಕು ಸಿಗುವುದಿಲ್ಲ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಅದನ್ನೇ ಬರೆದುಕೊಡಲು ಕೇಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿದೆ.

ಯಾರಿಗೆ ಎಷ್ಟು ಹಳೆಯ ದಾಖಲೆ ಬೇಕು

ಪರಿಶಿಷ್ಟ ಪಂಗಡದವರಾದ ಮಲೆಕುಡಿಯ, ಕೊರಗ, ಮರಾಟಿ ಕುಟುಂಬಗಳು 13 ಡಿಸೆಂಬರ್ 2005ಕ್ಕಿಂತ ಮೊದಲಿನಿಂದ ಆ ಜಾಗದಲ್ಲಿದ್ದೇವೆ ಎಂದು ತೋರಿಸಿದರೆ ಸಾಕು. ಕುಡುಬಿಯರಂಥ ಪರಿಶಿಷ್ಟ ಪಂಗಡವಲ್ಲದ ಸಮುದಾಯಗಳು ‘ಇತರ ಪಾರಂಪರಿಕ ಅರಣ್ಯವಾಸಿ’ ಎಂಬ ವರ್ಗದಲ್ಲಿ ಬರುತ್ತಾರೆ. ಇವರಿಗೆ ಆ ದಿನಾಂಕದಿಂದ ಹಿಂದಕ್ಕೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ಮತ್ತು ಕಾಡಿನ ಅವಲಂಬನೆ ತೋರಿಸಬೇಕು. ಲೆಕ್ಕ ಹಾಕಿದರೆ 1930ರ ಡಿಸೆಂಬರ್‌ವರೆಗೆ ಹೋಗಬೇಕಾಗುತ್ತದೆ.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಕಚೇರಿಗಳಲ್ಲೂ ಇದೆ. 75 ವರ್ಷ ಎಂಬುದು ಅದೇ ತುಂಡು ಜಾಗದ ಸ್ವಾಧೀನಕ್ಕೆ ಅನ್ವಯಿಸುವುದಿಲ್ಲ. ಕುಟುಂಬ ಆ ಪ್ರದೇಶದ ಕಾಡಿನಲ್ಲೋ ಕಾಡಂಚಿನಲ್ಲೋ ಇದ್ದು ಅದನ್ನೇ ನೆಚ್ಚಿ ಬದುಕಿದ್ದಕ್ಕೆ 75 ವರ್ಷದ ಸಾಕ್ಷ್ಯ ಬೇಕು. ಈಗ ಕೇಳುತ್ತಿರುವ ತುಂಡು 2005ರ ದಿನಾಂಕಕ್ಕಿಂತ ಮೊದಲು ಸ್ವಾಧೀನದಲ್ಲಿದ್ದರೆ ಸಾಕು. ಅರ್ಜಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಕಲಸಿ ಬರೆದರೆ ‘75 ವರ್ಷದ ಸ್ವಾಧೀನ ರುಜುವಾತಾಗಿಲ್ಲ’ ಎಂಬ ಷರಾ ಬೀಳುವುದು ಖಂಡಿತ.

ಕೊರಗರ ವಿಷಯಕ್ಕೆ ವಿಶೇಷ ಗಮನ ಬೇಕು. ಅವರಲ್ಲಿ ಅನೇಕರು ಇಂದು ಊರಿನೊಳಗಿನ ಕಾಲನಿಗಳಲ್ಲಿದ್ದಾರೆ. ಆದರೆ ಬುಟ್ಟಿ ಹೆಣೆಯುವ ಬೂರು (ಕಾಡುಬಳ್ಳಿ), ಬೆತ್ತ, ಬಿದಿರಿಗೆ ಕಾಡೇ ಗತಿ. ಕಾಡಿನೊಳಗೆ ಮನೆ ಇಲ್ಲದಿದ್ದರೂ ಜೀವನೋಪಾಯಕ್ಕೆ ಕಾಡನ್ನೇ ಅವಲಂಬಿಸಿದವರು ಕಾಯ್ದೆಯೊಳಗೆ ಬರುತ್ತಾರೆ ಎಂದು ಕೇಂದ್ರ ಬುಡಕಟ್ಟು ವ್ಯವಹಾರ ಸಚಿವಾಲಯ ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಜೇನುಕುರುಬರನ್ನು ಮತ್ತು ಕೊರಗರನ್ನು ಮಾತ್ರ. ಇಂಥ ಸಮುದಾಯಗಳಿಗೆ ಆವಾಸದ ಹಕ್ಕು ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ನಿಯಮ 12ಬಿ ನೇರವಾಗಿ ಜಿಲ್ಲಾ ಮಟ್ಟದ ಸಮಿತಿಯ ಮೇಲೆ ಹಾಕಿದೆ.

ಮೂರು ನಮೂನೆ, ಮೂರನ್ನೂ ಯೋಚಿಸಿ

ನಮೂನೆ ಎ ಕುಟುಂಬದ ಮನೆ ಮತ್ತು ಸ್ವಂತ ಬೇಸಾಯದ ಜಾಗಕ್ಕೆ. ನಮೂನೆ ಬಿ ಊರಿನ ಬಳಕೆಯ ಹಕ್ಕುಗಳಿಗೆ: ಸೊಪ್ಪು, ಸೌದೆ, ಜೇನು, ಮೇವು, ತೋಡಿನ ಮೀನು, ನೀರು. ನಮೂನೆ ಸಿ ಊರು ಪರಂಪರೆಯಿಂದ ಬಳಸಿ ಕಾಪಾಡಿಕೊಂಡು ಬಂದ ಕಾಡಿನ ನಿರ್ವಹಣೆಯ ಹಕ್ಕಿಗೆ. ಮೂರಕ್ಕೂ ಶುಲ್ಕವಿಲ್ಲ. ಅರ್ಜಿ ನಮೂನೆ ಉಚಿತವಾಗಿ ಸಿಗುವಂತೆ ಮಾಡುವುದು, ಗ್ರಾಮಸಭೆಗೆ ಅರಣ್ಯ ಮತ್ತು ಕಂದಾಯ ನಕಾಶೆ ಕೊಡುವುದು ಉಪವಿಭಾಗ ಮಟ್ಟದ ಸಮಿತಿಯ ಕರ್ತವ್ಯ. ಉಡುಪಿ ಜಿಲ್ಲೆಯವರು ಕುಂದಾಪುರದ ಸಹಾಯಕ ಆಯುಕ್ತರಿಗೆ, ಬೆಳ್ತಂಗಡಿ-ಸುಳ್ಯದವರು ಪುತ್ತೂರಿನ ಸಹಾಯಕ ಆಯುಕ್ತರಿಗೆ ಗ್ರಾಮಸಭೆಯ ಹೆಸರಿನಲ್ಲಿ ನಕಾಶೆಗೆ ಬರೆಯಬೇಕು. ಫಾರಂಗೆ ಐನೂರು ರೂಪಾಯಿ ಕೇಳುವ ಮಧ್ಯವರ್ತಿಯ ಅಗತ್ಯ ಯಾರಿಗೂ ಇಲ್ಲ.

ಬಹುತೇಕ ಊರುಗಳಲ್ಲಿ ಎ ಮಾತ್ರ ಹಾಕಿ ಬಿಡುತ್ತಾರೆ. ಇದು ದೊಡ್ಡ ಕೊರತೆ. ಮನೆಗೆ ಹಕ್ಕುಪತ್ರ ಬಂದು, ಮನೆಯ ಹಿಂದಿನ ಗುಡ್ಡೆಯಲ್ಲಿ ಸೊಪ್ಪು ಕೊಯ್ದರೆ ಕೇಸು ಬೀಳುವಂತಿದ್ದರೆ ತೋಟ ಉಳಿಯುವುದು ಹೇಗೆ? ಸೊಪ್ಪಿಲ್ಲದೆ ಅಡಕೆಗೆ ಗೊಬ್ಬರವಿಲ್ಲ. ನಮೂನೆ ಸಿಯಲ್ಲಿ ಒಂದು ಅನುಕೂಲವೂ ಇದೆ: ಊರಿನಲ್ಲಿ ಕೆಲವೇ ಪರಿಶಿಷ್ಟ ಪಂಗಡ ಅಥವಾ ಪಾರಂಪರಿಕ ಅರಣ್ಯವಾಸಿ ಕುಟುಂಬಗಳಿದ್ದರೂ ಅರ್ಜಿ ಹಾಕಬಹುದು ಎಂದು ನಮೂನೆಯಲ್ಲೇ ಅಚ್ಚಾಗಿದೆ.

ನಮೂನೆ ಎ ತುಂಬುವಾಗ ಗಂಡ-ಹೆಂಡತಿ ಇಬ್ಬರ ಹೆಸರನ್ನೂ ಬರೆಯಿರಿ. ಹಕ್ಕುಪತ್ರ ಜಂಟಿಯಾಗಿಯೇ ಆಗಬೇಕೆಂದು ಕಾಯ್ದೆ ಹೇಳುತ್ತದೆ, ಒಂಟಿ ಹೆಂಗಸು ಮನೆಯ ಯಜಮಾನಿಯಾದರೆ ಅವಳ ಒಬ್ಬಳ ಹೆಸರಿನಲ್ಲಿ. ಆಧಾರ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಒಂದೇ ಬಗೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ‘ಇಬ್ಬರೂ ಒಬ್ಬರೇ’ ಎಂಬ ದೃಢೀಕರಣವನ್ನು ಮೊದಲೇ ಲಗತ್ತಿಸಿ.

ವಿಸ್ತೀರ್ಣದ ಮಿತಿ 4 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 9 ಎಕ್ರೆ 88 ಸೆಂಟ್ಸ್. ಆದರೆ ಇದು ಮಿತಿಯೇ ಹೊರತು ಎಲ್ಲರಿಗೂ ಸಿಗುವ ಪಾಲಲ್ಲ. ವಾಸ್ತವವಾಗಿ ಸ್ವಾಧೀನದಲ್ಲಿರುವಷ್ಟೇ ಸಿಗುವುದು. ಒಂದೂವರೆ ಎಕ್ರೆ ಇದ್ದವರು ಮೂರು ಎಕ್ರೆ ಬರೆದರೆ ಇಡೀ ಅರ್ಜಿಯ ಮೇಲೆ ಸಂಶಯ ಬರುತ್ತದೆ. 2005ರ ನಂತರ ವಿಸ್ತರಿಸಿದ ಭಾಗವಿದ್ದರೆ ಅದನ್ನು ಬಿಟ್ಟು ಬರೆಯಿರಿ.

ಸಾಕ್ಷ್ಯ ಎಲ್ಲೆಲ್ಲಿ ಸಿಗುತ್ತದೆ

ನಿಯಮ 13 ಸಾಕ್ಷ್ಯಗಳ ಉದ್ದ ಪಟ್ಟಿ ಕೊಡುತ್ತದೆ, ಒಂದಕ್ಕಿಂತ ಹೆಚ್ಚು ಇರಬೇಕು ಎನ್ನುತ್ತದೆ. ಇಂಥದ್ದೇ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು ನಿಯಮ 12ಎ ಹೇಳುತ್ತದೆ. ಕನಿಷ್ಠ ಎರಡು ಬೇಕು. ನಾಲ್ಕೈದು ಬೇರೆ ಬೇರೆ ಮೂಲದಿಂದ ಇದ್ದರೆ ಕಡತ ಅಲುಗಾಡುವುದಿಲ್ಲ.

ಮನೆಯಲ್ಲೇ ಹುಡುಕಿ: ಮನೆತೆರಿಗೆ ರಶೀದಿ, ಹಳೆಯ ರೇಷನ್ ಕಾರ್ಡ್, ಮತದಾರರ ಪಟ್ಟಿ, ಅಜ್ಜನಿಗೆ ಬಂದ ಸರಕಾರಿ ಪತ್ರ. ಶಾಲೆಯ ದಾಖಲಾತಿ ಪುಸ್ತಕ ಬಹಳ ಉಪಯೋಗಿ, ಹಳೆಯ ಬೋರ್ಡ್ ಶಾಲೆಯಾದರೆ ಅಪ್ಪ, ಅಜ್ಜನ ಹೆಸರು ಊರಿನೊಂದಿಗೆ ಸಿಗಬಹುದು. 1930ರ ಹಿಂದಕ್ಕೆ ಹೋಗಬೇಕಾದವರು ಮದ್ರಾಸ್ ಕಾಲದ ಅಡಂಗಲ್ (ಜಾಗ-ಬೆಳೆಯ ದಾಖಲೆ), ಸೆಟ್ಲ್‌ಮೆಂಟ್ ರಿಜಿಸ್ಟರ್, ಜನನ-ಮರಣ ದಾಖಲೆ ಕೇಳಬೇಕು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಕಾಗದ ಉಡುಪಿಯಲ್ಲಿ ಸಿಗದಿದ್ದರೆ ಮಂಗಳೂರಿನ ರೆಕಾರ್ಡ್ ರೂಮಿಗೂ ಅರ್ಜಿ ಕೊಡಿ. ಗುತ್ತಿನ ಮನೆಗಳಲ್ಲಿ (ಊರಿನ ಹಳೆಯ ಜಮೀನ್ದಾರಿ ಮನೆ) ಉಳಿದ ಗೇಣಿಚೀಟಿ, ದೈವಸ್ಥಾನದ ನೇಮದ ವಂತಿಗೆ ಪಟ್ಟಿಯಲ್ಲಿ ನಿಮ್ಮ ಹಿರಿಯರ ಹೆಸರಿದ್ದರೆ ಅದನ್ನೂ ಸೇರಿಸಿ.

ಅರಣ್ಯ ಇಲಾಖೆ ಹಿಂದೆ ಹಾಕಿದ ಕೇಸು, ಕಟ್ಟಿಸಿಕೊಂಡ ದಂಡದ ರಶೀದಿ, ಒತ್ತುವರಿದಾರರ ಪಟ್ಟಿ ಇವನ್ನು ಜನ ಹೆದರಿ ಬಚ್ಚಿಡುತ್ತಾರೆ. ಬಚ್ಚಿಡಬೇಡಿ. 1988ರಲ್ಲಿ ‘ಅರಣ್ಯದಲ್ಲಿ ಗುಡಿಸಲು ಕಟ್ಟಿದ್ದಾರೆ’ ಎಂದು ಕೇಸು ಹಾಕಿದ್ದರೆ, 1988ರಲ್ಲಿ ನೀವು ಅಲ್ಲಿದ್ದಿರಿ ಎಂದು ಇಲಾಖೆಯೇ ಬರೆದುಕೊಟ್ಟ ಹಾಗೆ. ಇಂಥ ದಾಖಲೆಯನ್ನೇ ಏಕೈಕ ಆಧಾರ ಮಾಡಿ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ನಿಯಮ ಬಾಯಿಬಿಟ್ಟು ಹೇಳಿದೆ. ಮನೆಯಲ್ಲಿ ಪ್ರತಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ವಲಯ ಕಚೇರಿಗೆ, ಉದ್ಯಾನದೊಳಗಿನವರು ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು.

ನೆಲದ ಮೇಲಿನ ಗುರುತುಗಳೂ ಸಾಕ್ಷ್ಯವೇ. ಬಾವಿ, ತೋಟದ ಸುತ್ತಲಿನ ಅಗಳು (ಕಂದಕ), ತೋಡಿಗೆ ಕಟ್ಟುವ ಕಟ್ಟದ (ಒಡ್ಡು) ಕಲ್ಲು, ನಾಗಬನ, ದೈವದ ಕಟ್ಟೆ, ಹಿರಿಯರನ್ನು ಮಣ್ಣು ಮಾಡಿದ ಜಾಗ. ಅಡಕೆ ಮರದ ಕಾಂಡದ ಗಂಟು ನೋಡಿ ಪ್ರಾಯ ಅಂದಾಜು ಮಾಡಲು ಬರುತ್ತದೆ. ಮಹಜರಿನಲ್ಲಿ ‘ಅಡಕೆ ತೋಟ ಇದೆ’ ಎನ್ನುವ ಬದಲು ‘ಸುಮಾರು ಇಷ್ಟು ಅಡಿ ಎತ್ತರದ ಹಳೆಯ ಅಡಕೆ ಮರ ಇಷ್ಟು, ಎಳೆಯದು ಇಷ್ಟು, ಅಗಳಿನ ಬದಿಯ ಹಲಸಿನ ಮರದ ಸುತ್ತಳತೆ ಇಷ್ಟು’ ಎಂದು ಬರೆಸಿ.

ಹಿರಿಯರ ಹೇಳಿಕೆಯನ್ನು ಅರ್ಜಿದಾರರಲ್ಲದವರಿಂದ, ಬರಹದಲ್ಲಿ ಪಡೆಯಬೇಕು. ಎಲ್ಲ ಅರ್ಜಿಗೂ ಒಂದೇ ಟೈಪ್ ಮಾಡಿದ ವಾಕ್ಯ ಹಾಕಿ ಹೆಬ್ಬೆಟ್ಟು ಒತ್ತಿಸಿದರೆ ಅದಕ್ಕೆ ಬೆಲೆ ಬರುವುದಿಲ್ಲ. ಹೇಳಿಕೆ ಹೀಗಿರಲಿ: ‘ನನಗೆ ಈಗ 80 ವರ್ಷ. ನಾನು ಮೂರನೇ ಕ್ಲಾಸಿಗೆ ಹೋಗುವಾಗ ಇವರ ಅಜ್ಜ ಈಗಿನ ಮನೆಯ ಬಡಗು ಬದಿಯ ಮುಳಿಹುಲ್ಲಿನ ಮನೆಯಲ್ಲಿದ್ದರು. ತೋಡಿನ ಕಟ್ಟ ಕಟ್ಟಲು ನಮ್ಮ ಮನೆಯವರೂ ಹೋಗುತ್ತಿದ್ದರು. ಆ ಕಟ್ಟದ ಕಲ್ಲು ಈಗಲೂ ಇದೆ.’ ನೋಡಿದ್ದು, ವರ್ಷ ಅಂದಾಜಿಸಲು ಬರುವ ಗುರುತು, ಈಗಲೂ ತೋರಿಸಬಹುದಾದ ವಸ್ತು, ಈ ಮೂರು ಸೇರಿದರೆ ಹೇಳಿಕೆಗೆ ತೂಕ.

ಉಪಗ್ರಹ ಚಿತ್ರದ ಬಗ್ಗೆ ಎಚ್ಚರ. ಘಟ್ಟದ ಬುಡದಲ್ಲಿ ತೋಟಗಳು ದೊಡ್ಡ ಮರಗಳ ನೆರಳಿನಲ್ಲಿವೆ. ಮೇಲಿನಿಂದ ನೋಡಿದರೆ ಅಡಕೆ, ಕರಿಮೆಣಸು, ಕಾಫಿ ಎಲ್ಲವೂ ಕಾಡಿನ ಹಸಿರಿನೊಳಗೇ ಮುಚ್ಚಿಹೋಗುತ್ತವೆ. ‘2005ರ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ’ ಎಂದು ಬರೆದು ಮುಗಿಸುವುದು ಇದರಿಂದಲೇ. ಇಂಥ ಚಿತ್ರ ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಬದಲಿಗೆ ಬರುವಂತಿಲ್ಲ ಎಂಬುದು ನಿಯಮ. ಆ ಸಾಲನ್ನು ಮಹಜರಿನಲ್ಲೇ ನೆನಪಿಸಿ, ಮರದ ನೆರಳಿನ ತೋಟದ ಫೋಟೋ ತಾರೀಕಿನೊಂದಿಗೆ ಲಗತ್ತಿಸಿ.

ಅಳತೆ ಮತ್ತು ಮಹಜರು

ಗಡಿ ನಡೆಯುವ ಕೆಲಸಕ್ಕೆ ಡಿಸೆಂಬರಿನಿಂದ ಮೇ ಒಳ್ಳೆಯದು. ಮಳೆಗಾಲದಲ್ಲಿ ತೋಡು ದಾಟಲಾಗದೆ ಅರ್ಧ ಗಡಿ ಅಂದಾಜಿನಲ್ಲಿ ಹೋಗುತ್ತದೆ. ಅಂದಾಜಿನ ಗಡಿಯೇ ಮುಂದೆ ನೆರೆಯವನ ಗಡಿಯೊಂದಿಗೆ ಜಗಳವಾಗುತ್ತದೆ.

ಜಿಪಿಎಸ್ ಹಿಡಿದು ನಡೆಯುವಾಗ ಪ್ರತಿ ಮೂಲೆಯಲ್ಲೂ ಎರಡು-ಮೂರು ನಿಮಿಷ ನಿಲ್ಲಿ. ದಟ್ಟ ಮರದಡಿಯಲ್ಲಿ ಹತ್ತು ಮೀಟರಿನಷ್ಟು ತಪ್ಪು ಬರುವುದು ಸಾಮಾನ್ಯ. 50 ಸೆಂಟ್ಸಿನ ತುಂಡಿನಲ್ಲಿ ಅದು ದೊಡ್ಡ ವ್ಯತ್ಯಾಸ. ಅಕ್ಷಾಂಶ-ರೇಖಾಂಶವನ್ನು ದಶಮಾಂಶದ ಬಳಿಕ ಐದು ಅಂಕಿಯವರೆಗೆ ಬರೆದುಕೊಳ್ಳಿ, ಅದು ಸುಮಾರು ಒಂದು ಮೀಟರಿನ ಸೂಕ್ಷ್ಮತೆ. ಮೂಲೆಯಲ್ಲಿ ಕಲ್ಲಿದೆಯೋ ಮರವಿದೆಯೋ ಅಗಳಿದೆಯೋ ಎಂಬುದನ್ನೂ ಬರೆಯಿರಿ. ಕೈನಕಾಶೆಯಲ್ಲಿ ಮೂಡು, ಪಡು, ತೆಂಕು, ಬಡಗು ಗಡಿಯ ನೆರೆಯವರ ಹೆಸರು ಇರಲಿ. ಪಕ್ಕದಲ್ಲಿ ನಿಮ್ಮದೇ ವರ್ಗ ಜಾಗವಿದ್ದರೆ ಅದನ್ನು ಬೇರೆ ಬಣ್ಣದಲ್ಲಿ ತೋರಿಸಿ, ವಿಸ್ತೀರ್ಣದಲ್ಲಿ ಸೇರಿಸಬೇಡಿ.

ಸ್ಥಳ ತನಿಖೆ ನಡೆಸುವುದು ಗ್ರಾಮಸಭೆ ಆರಿಸುವ ಅರಣ್ಯ ಹಕ್ಕು ಸಮಿತಿ. ದಿನ ಗೊತ್ತುಮಾಡಿ ಅರ್ಜಿದಾರರಿಗೂ ಅರಣ್ಯ, ಕಂದಾಯ ಇಲಾಖೆಗೂ ಲಿಖಿತ ಸೂಚನೆ ಕೊಡಬೇಕು, ಸ್ವೀಕೃತಿ ಇಟ್ಟುಕೊಳ್ಳಬೇಕು. ಅಧಿಕಾರಿಗಳು ಹಾಜರಿದ್ದು ತಮ್ಮ ಅಭಿಪ್ರಾಯ, ಹುದ್ದೆ, ತಾರೀಕು ಬರೆದು ಸಹಿ ಹಾಕಬೇಕೆಂದು ನಿಯಮ 12ಎ ಹೇಳುತ್ತದೆ. ಬಾರದಿದ್ದರೆ ‘ಇಂಥ ದಿನಾಂಕದ ಸೂಚನೆ ತಲುಪಿದ್ದರೂ ಹಾಜರಾಗಿಲ್ಲ’ ಎಂದು ಮಹಜರಿನಲ್ಲಿ ದಾಖಲಿಸಿ ಕೆಲಸ ಮುಂದುವರಿಸಿ. ಬಂದವರು ಖಾಲಿ ಹಾಳೆಗೆ ಸಹಿ ಕೇಳಿದರೆ ಯಾರೂ ಹಾಕಬೇಡಿ.

ಗ್ರಾಮಸಭೆ: ಅರ್ಜಿಯ ಬುನಾದಿ ಇಲ್ಲಿದೆ

ಇದು ಪಂಚಾಯತಿನ ಸಾಮಾನ್ಯ ಗ್ರಾಮಸಭೆಯಂತೆ ಮುಗಿಸುವ ಸಭೆಯಲ್ಲ. ಕೋರಂ ಎಂದರೆ ಗ್ರಾಮಸಭೆಯ ಒಟ್ಟು ಸದಸ್ಯರಲ್ಲಿ ಅರ್ಧ, ಹಾಜರಾದವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಹಕ್ಕಿನ ಅರ್ಜಿಯ ಬಗ್ಗೆ ನಿರ್ಣಯ ಮಾಡುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧ ಮಂದಿಯಾದರೂ ಇರಬೇಕು. ಮೂರ್ನಾಲ್ಕು ಗ್ರಾಮ ಸೇರಿದ ಪಂಚಾಯತ್ ಮಟ್ಟದಲ್ಲಿ ಈ ಕೋರಂ ಆಗುವುದೇ ಇಲ್ಲ. ಅದಕ್ಕೇ ಸಭೆಯನ್ನು ಪಂಚಾಯತ್ ಮಟ್ಟದಲ್ಲಿ ಮಾಡದೆ ಗ್ರಾಮ, ವಾಸದ ನೆಲೆಯ ಮಟ್ಟದಲ್ಲಿ ಕರೆಯಬೇಕೆಂದು ಸಚಿವಾಲಯ 2012ರಲ್ಲಿ ರಾಜ್ಯಗಳಿಗೆ ಬರೆದಿದೆ. ಪಿಡಿಒ ಅವರಲ್ಲಿ ಇದನ್ನು ಬರಹದಲ್ಲೇ ಕೇಳಿ.

ಅರಣ್ಯ ಹಕ್ಕು ಸಮಿತಿಗೆ 10ರಿಂದ 15 ಮಂದಿ. ಊರಿನಲ್ಲಿ ಪರಿಶಿಷ್ಟ ಪಂಗಡದವರಿದ್ದರೆ ಮೂರನೇ ಎರಡು ಪಾಲು ಅವರು, ಮೂರನೇ ಒಂದು ಪಾಲು ಹೆಂಗಸರು. ಸಮಿತಿಯ ಸದಸ್ಯರೇ ಅರ್ಜಿದಾರರಾದರೆ ಅದನ್ನು ತಿಳಿಸಿ, ತಮ್ಮ ಅರ್ಜಿಯ ತನಿಖೆಯ ಹೊತ್ತಿಗೆ ದೂರ ನಿಲ್ಲಬೇಕು. ಇದನ್ನು ನಡಾವಳಿಯಲ್ಲಿ ಬರೆಯದೆ ಬಿಟ್ಟರೆ ಮೇಲಿನವರಿಗೆ ಅದೊಂದೇ ನೆಪ ಸಾಕು. ಇನ್ನೊಂದು ಗೊಂದಲ: ಜಂಟಿ ಅರಣ್ಯ ಯೋಜನೆಯಡಿ ಇಲಾಖೆ ಮಾಡಿದ ಗ್ರಾಮ ಅರಣ್ಯ ಸಮಿತಿ ಬೇರೆ, ಪಂಚಾಯತಿನ ಜೀವವೈವಿಧ್ಯ ಸಮಿತಿ ಬೇರೆ. ಅವುಗಳ ನಡಾವಳಿ ಇಲ್ಲಿ ನಡೆಯುವುದಿಲ್ಲ.

ಗ್ರಾಮಸಭೆ ಅರ್ಜಿ ಕರೆದ ದಿನದಿಂದ ಮೂರು ತಿಂಗಳು ಅವಧಿ. ಕಾರಣ ಬರೆದು ಅದನ್ನು ವಿಸ್ತರಿಸುವ ಅಧಿಕಾರವೂ ಗ್ರಾಮಸಭೆಗೇ ಇದೆ. ಆದ್ದರಿಂದ ‘ಕೊನೆ ದಿನ ಮುಗಿಯಿತು’ ಎಂಬ ಮಾತಿಗೆ ಬೆದರಬೇಕಿಲ್ಲ. ಅರ್ಜಿ ಕೊಟ್ಟ ಕೂಡಲೇ ಸಮಿತಿಯಿಂದ ತಾರೀಕು, ಕ್ರಮಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. ಈ ಒಂದು ಚೀಟಿ ಮುಂದೆ ಒಕ್ಕಲೆಬ್ಬಿಸುವ ನೋಟಿಸ್ ಬಂದಾಗ ಮನೆಯನ್ನು ಉಳಿಸುತ್ತದೆ.

ನಿರ್ಣಯದ ಭಾಷೆ ಬಹಳ ಮುಖ್ಯ. ‘ಬಂದ ಅರ್ಜಿಗಳನ್ನು ಪರಿಶೀಲಿಸಿ ಶಿಫಾರಸು ಮಾಡಲಾಯಿತು’ ಎಂಬ ಒಂದೇ ಸಾಲು ಸತ್ತ ನಿರ್ಣಯ. ಪ್ರತಿ ಅರ್ಜಿಗೂ ಬೇರೆ ಪ್ಯಾರಾ ಬೇಕು: ಅರ್ಜಿದಾರರಿಬ್ಬರ ಹೆಸರು, ಸರ್ವೆ ನಂಬರ್, ಎಕ್ರೆ-ಸೆಂಟ್ಸ್, ನೋಡಿದ ಸಾಕ್ಷ್ಯಗಳ ಪಟ್ಟಿ, ತನಿಖೆಯ ದಿನ, ಆಕ್ಷೇಪ ಬಂದಿದ್ದರೆ ಅದಕ್ಕೆ ಗ್ರಾಮಸಭೆ ಕೊಟ್ಟ ಉತ್ತರ, ಕೊನೆಗೆ ತೀರ್ಮಾನ. ಹಾಜರಾತಿ ಪುಸ್ತಕದ ಸಹಿಗಳ ಪ್ರತಿಯನ್ನು ನಿರ್ಣಯದ ಹಿಂದೆ ಲಗತ್ತಿಸಿ. ಕಡತ ಕಳಿಸುವ ಮೊದಲು ಪೂರ್ತಿ ಜೆರಾಕ್ಸ್ ಮಾಡಿ ಎರಡು ಮನೆಯಲ್ಲಿ ಇಡಿ. ನಮ್ಮ ಮಳೆಗೆ ಒಂದು ಮನೆಯ ಕಾಗದ ನಂಬುವಂತಿಲ್ಲ.

ಮೇಲಿನ ಹಂತ, ತಿರಸ್ಕಾರ ಬಂದರೆ

ಕಡತ ಸಹಾಯಕ ಆಯುಕ್ತರ ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಎರಡೂ ಕಡೆ ಅರಣ್ಯಾಧಿಕಾರಿ, ಬುಡಕಟ್ಟು ಕಲ್ಯಾಣದ ಅಧಿಕಾರಿ ಸದಸ್ಯರು. ಗ್ರಾಮಸಭೆ ಶಿಫಾರಸು ಮಾಡಿದ್ದನ್ನು ಉಪವಿಭಾಗ ಸಮಿತಿ ತಾನಾಗಿ ತಳ್ಳಿಹಾಕುವ ಬದಲು ಕಾರಣ ಬರೆದು ಮರುಪರಿಶೀಲನೆಗೆ ಗ್ರಾಮಸಭೆಗೇ ಕಳಿಸಬೇಕು. ತಿರಸ್ಕಾರವಾದರೆ ಕಾರಣಸಹಿತ ಲಿಖಿತ ಆದೇಶ ಅರ್ಜಿದಾರರ ಕೈಗೆ ಸಿಗಬೇಕು. ಅಲ್ಲಿಂದ 60 ದಿನದೊಳಗೆ ಮೇಲಿನ ಸಮಿತಿಗೆ ಮೇಲ್ಮನವಿ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ‘ತಿರಸ್ಕೃತ’ ಎಂದು ಹೆಸರು ಕಂಡರೆ ಅದು ಆದೇಶವಲ್ಲ. ಆದೇಶದ ಪ್ರತಿಗೆ ಅಂದೇ ಬರೆದು ಕೊಡಿ.

ಮೇಲ್ಮನವಿಯಲ್ಲಿ ಕಷ್ಟ ಹೇಳಿಕೊಳ್ಳುವುದಕ್ಕಿಂತ ಆದೇಶದ ಒಂದೊಂದು ಕಾರಣಕ್ಕೂ ಒಂದೊಂದು ಉತ್ತರ, ಒಂದೊಂದು ಲಗತ್ತು ಇರಲಿ. ಪರಿಶಿಷ್ಟ ಪಂಗಡದವರಿಗೂ ಹೆಂಗಸರಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಮಂಗಳೂರು, ಉಡುಪಿ ಎರಡೂ ನ್ಯಾಯಾಲಯ ಸಂಕೀರ್ಣದಲ್ಲಿ ಕೇಳಬಹುದು. ಪರಿಶಿಷ್ಟ ಪಂಗಡದವರಿಗೆ ಎರಡೂ ಜಿಲ್ಲೆಯ ಐಟಿಡಿಪಿ (ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಯೂ ದಾರಿ.

2019ರ ಫೆಬ್ರವರಿ 13ರ ಸುಪ್ರೀಂ ಕೋರ್ಟ್ ಆದೇಶದ ಹೆಸರು ಹೇಳಿ ಕೆಲವರು ಈಗಲೂ ಹೆದರಿಸುತ್ತಾರೆ. ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವ ಆ ನಿರ್ದೇಶನವನ್ನು ಕೋರ್ಟು ಅದೇ ತಿಂಗಳ 28ರಂದು ತಡೆಹಿಡಿದಿದೆ.

ನೋಟಿಸ್ ಮತ್ತು ಸ್ಥಳಾಂತರದ ಕಾಗದ

ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 64ಎ ಅಡಿ ಒತ್ತುವರಿ ತೆರವಿನ ನೋಟಿಸ್ ಬಂದರೆ ಸುಮ್ಮನಿರುವುದು ಅತಿ ಅಪಾಯ. ಕೊಟ್ಟ ಗಡುವಿನೊಳಗೆ ಉತ್ತರ ಬರೆಯಿರಿ, ಅರಣ್ಯ ಹಕ್ಕು ಅರ್ಜಿಯ ಸ್ವೀಕೃತಿ ಲಗತ್ತಿಸಿ, ‘ಹಕ್ಕು ಗುರುತಿಸುವ ಮತ್ತು ಪರಿಶೀಲಿಸುವ ಪ್ರಕ್ರಿಯೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ’ ಎಂಬ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(5)ನ್ನು ಹೆಸರಿಸಿ. ಪರಿಶಿಷ್ಟ ಪಂಗಡದವರ ಅರಣ್ಯ ಹಕ್ಕಿನ ಅನುಭೋಗಕ್ಕೆ ಅಡ್ಡಿಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದೂ ಗೊತ್ತಿರಲಿ.

ಕುದುರೆಮುಖ ಉದ್ಯಾನದೊಳಗಿನ ಮನೆಗಳ ಮುಂದೆ ಸ್ವ-ಇಚ್ಛೆಯ ಪುನರ್ವಸತಿಯ ಪ್ರಸ್ತಾಪವೂ ಇರುತ್ತದೆ. ಹೋಗುವುದು, ಇರುವುದು ಆ ಕುಟುಂಬದ ತೀರ್ಮಾನ. ದೂರದ ಶಾಲೆ, ಆಸ್ಪತ್ರೆ ನೋಡಿ ಹೊರಟವರನ್ನು ತಪ್ಪೆನ್ನುವ ಹಾಗಿಲ್ಲ. ಆದರೆ ಹೊರಡುವ ಕಾಗದಕ್ಕೆ ಸಹಿ ಹಾಕುವ ಮೊದಲು ಹಕ್ಕಿನ ಅರ್ಜಿ ಇತ್ಯರ್ಥವಾಗಲಿ. ಕೈಯಲ್ಲಿ ಹಕ್ಕುಪತ್ರ ಇದ್ದವರು ಜಾಗ, ಮರ, ಕಟ್ಟಡಕ್ಕೆ ಲೆಕ್ಕ ಕೇಳಬಲ್ಲರು. ‘ಒತ್ತುವರಿದಾರ’ ಎಂಬ ಹೆಸರಿನಲ್ಲಿ ಹೊರಟವರು ಕೊಟ್ಟಷ್ಟು ತಕ್ಕೊಳ್ಳಬೇಕಾಗುತ್ತದೆ.

ಇದ್ದಲ್ಲೇ ಇರುವವರಿಗೆ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಇದೆ. ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆಯಂಥ 13 ಬಗೆಯ ಸೌಲಭ್ಯಕ್ಕೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನೊಂದಿಗೆ ಪಡೆಯಬಹುದು. ಒಂದೇ ನಿರ್ಣಯದಲ್ಲಿ ರಸ್ತೆ, ನೀರು, ಕರೆಂಟ್ ಎಲ್ಲ ತುಂಬಬೇಡಿ. ಒಂದೊಂದು ಸೌಲಭ್ಯಕ್ಕೆ ಒಂದೊಂದು ಪ್ರಸ್ತಾವ, ಒಂದೊಂದು ನಕಾಶೆ.

ಹಕ್ಕುಪತ್ರ ಬಂದ ಮೇಲೆ

ಬಂದ ಕೂಡಲೇ ನಾಲ್ಕು ವಿಷಯ ನೋಡಿ: ಇಬ್ಬರ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಗಡಿ. ಕೇಳಿದ್ದು ಎರಡು ಎಕ್ರೆ, ಬಂದದ್ದು ಇಪ್ಪತ್ತು ಸೆಂಟ್ಸ್ ಎಂದಾದರೆ ಅದೂ ಮಾರ್ಪಾಡಿನ ಆದೇಶವೇ. ಕಾರಣ ಕೇಳಿ, ತಡಮಾಡದೆ ಪ್ರಶ್ನಿಸಿ. ಸಂತೋಷದಲ್ಲಿ ಫೋಟೋ ತೆಗೆಸಿಕೊಂಡು ಸುಮ್ಮನಾದರೆ ಆ ಇಪ್ಪತ್ತು ಸೆಂಟ್ಸೇ ಕೊನೆ. ಹಕ್ಕುಪತ್ರದ ಜಾಗ ಮಕ್ಕಳಿಗೆ ಬರುತ್ತದೆ, ಮಾರುವ ಹಾಗಿಲ್ಲ. ಕಂದಾಯ ಮತ್ತು ಅರಣ್ಯ ದಾಖಲೆಯಲ್ಲಿ ಇದು ಮೂರು ತಿಂಗಳೊಳಗೆ ಸೇರಬೇಕು. ಸೇರಿತೇ ಎಂದು ಪಹಣಿ ತೆಗೆದು ನೋಡಿ, ಸೇರದಿದ್ದರೆ ತಹಶೀಲ್ದಾರರಿಗೆ ಬರೆಯಿರಿ.

ಸಮುದಾಯ ಹಕ್ಕು ಬಂದ ಊರಿನಲ್ಲಿ ಗ್ರಾಮಸಭೆ ಒಂದು ಸಂರಕ್ಷಣಾ ಸಮಿತಿ ಮಾಡಿ ಕಾಡಿನ ಯೋಜನೆ ಬರೆಯಬೇಕು. ಇಲ್ಲಿ ಹಿರಿಯ ಬುಟ್ಟಿ ಹೆಣೆಯುವವರೂ ಜೇನು ಕೊಯ್ಯುವವರೂ ಕೂರಲಿ. ಬೂರು ಬುಡಸಮೇತ ಕೀಳದೆ ಬಲಿತದ್ದನ್ನು ಮಾತ್ರ ಕೊಯ್ಯುವುದು, ಒಂದು ಗುಡ್ಡೆಯನ್ನು ಒಂದು ವರ್ಷ ಬಿಟ್ಟು ಇನ್ನೊಂದಕ್ಕೆ ಹೋಗುವುದು, ಹೆಜ್ಜೇನಿನ ಹಟ್ಟಿಯಲ್ಲಿ ಮರಿಯ ಭಾಗ ಉಳಿಸಿ ತುಪ್ಪದ ಭಾಗ ತೆಗೆಯುವುದು, ಪುನರ್ಪುಳಿ, ಮಂತುಹುಳಿ, ರಾಮಪತ್ರೆಯನ್ನು ಕೊಂಬೆ ಕಡಿಯದೆ ಹಣ್ಣಾದ ಮೇಲೆ ಆರಿಸುವುದು, ಇವನ್ನು ಅವರು ಬಾಯಲ್ಲಿ ಹೇಳುವ ಹಾಗೆಯೇ ಯೋಜನೆಯಲ್ಲಿ ಇಳಿಸಿ. ಇವರ ತಿಳಿವಳಿಕೆ ಕಡತಕ್ಕೆ ಬಾರದಿದ್ದರೆ ಅದೇ ಗುಡ್ಡೆಯಲ್ಲಿ ಮುಂದಿನ ವರ್ಷ ಅಕೇಶಿಯಾ ನೆಡುವ ಯೋಜನೆ ಬರುತ್ತದೆ, ಬೂರು ಹೋಗುತ್ತದೆ, ಬುಟ್ಟಿಯ ಕಸುಬೂ ಹೋಗುತ್ತದೆ.

ಕಾಡುತ್ಪತ್ತಿ ಸಾಗಿಸುವ ಪರ್ಮಿಟ್ಟನ್ನು 2012ರ ನಿಯಮದ ಪ್ರಕಾರ ಈ ಸಂರಕ್ಷಣಾ ಸಮಿತಿ ಅಥವಾ ಗ್ರಾಮಸಭೆ ಅಧಿಕಾರ ಕೊಟ್ಟವರೇ ಬರೆದುಕೊಡಬಹುದು. ಪುಸ್ತಕ ಅಚ್ಚು ಹಾಕಿಸಿ, ಕ್ರಮಸಂಖ್ಯೆ ಹಾಕಿ, ಮೂರು ಪ್ರತಿ ಬರೆಯಿರಿ: ಒಂದು ಸಾಗಿಸುವವರಿಗೆ, ಒಂದು ವಲಯ ಕಚೇರಿಗೆ, ಒಂದು ಊರಿನ ಕಡತಕ್ಕೆ. ವಸ್ತು, ಕಿಲೋ, ಕೊಯ್ದ ಗುಡ್ಡೆಯ ಹೆಸರು, ಹೊರಟ ದಿನ, ತಲುಪುವ ಜಾಗ ಬರೆದಿರಲಿ. ಲ್ಯಾಂಪ್ಸ್ ಸಂಘಕ್ಕೆ (ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘ) ಕೊಟ್ಟರೂ ಪೇಟೆಯ ಅಂಗಡಿಗೆ ಕೊಟ್ಟರೂ ತೂಕದ ಚೀಟಿಯನ್ನು ಆ ಪ್ರತಿಗೆ ಹೊಲಿದಿಡಿ.